ಹೆಲ್ಮೆಟ್ಟಿನ ತುಂಬ ವಡೆ

ವಾಮನ ರಾವ್ ಬೈಕಿನ ಮೇಲೆ ಕುಳಿತರೆ ಅವನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಇದು ಬೈಕಿನ ದೋಷವೆಂದು ಅವನೂ, ಅವನದೇ ದೋಷವೆಂದು ಅವನ ಹೆಂಡತಿ ಕಮಲಾಳೂ ನಂಬಿದ್ದರು. ಆಫ್‌ರೋಡ್ ಬೈಕ್ ಎಂದರೆ ರಸ್ತೆಯೇ ಇಲ್ಲದ ಕಡೆ ಓಡಿಸಲು ಮಾಡಿದ ಗಾಡಿ. ಕಲ್ಲು, ಹೊಂಡ, ದಿಣ್ಣೆ ಎಲ್ಲ ದಾಟಬೇಕಾದ್ದರಿಂದ ಅದು ಎತ್ತರವಾಗಿಯೇ ಇರುತ್ತದೆ. ನಮ್ಮ ವಾಮನನ ಎತ್ತರದ ವಿಷಯವನ್ನು ಅವನ ಹೆತ್ತವರು ಹೆಸರಿಡುವಾಗಲೇ ತೀರ್ಮಾನಿಸಿಬಿಟ್ಟಿದ್ದರು. ಬೈಕು ಓಡುತ್ತಿರುವಷ್ಟು ಹೊತ್ತು ತೊಂದರೆ ಏನೂ ಇಲ್ಲ, ತೊಂದರೆ ಇದ್ದದ್ದು ನಿಲ್ಲಿಸುವುದರಲ್ಲಿ. ನಿಲ್ಲಿಸಬೇಕಾದರೆ ಪಕ್ಕದಲ್ಲಿ ಕಾಲಿಡಲು ಒಂದು ಕಟ್ಟೆಯೋ, ಮೈಲಿಗಲ್ಲೋ, ಯಾರದಾದರೂ ಸ್ಕೂಟರೋ ಇರಲೇಬೇಕು. ಹಾಗಾಗಿ ಅವನು ತನಗೆ ಬೇಕಾದ ಜಾಗಕ್ಕೆ ಹೋಗುತ್ತಿರಲಿಲ್ಲ, ಕಟ್ಟೆ ಇರುವ ಜಾಗಕ್ಕೆ ಹೋಗಿ ಅಲ್ಲೇನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದ.

ಮೊದಲು ಅವನು ಇದ್ದದ್ದು ಹಿಮಾಚಲದ ಸೋಲನ್ನಿನಲ್ಲಿ, ಔಷಧಿ ಕಂಪನಿಯೊಂದರ ಸ್ಟೋರ್ ಸೂಪರ್‌ವೈಸರ್ ಆಗಿ. ಬೈಕು ಕೊಂಡದ್ದೂ ಅಲ್ಲೇ. ಆದರೆ ಆ ಊರಿನಲ್ಲಿ ರಸ್ತೆಯ ಒಂದು ಬದಿಗೆ ಬೆಟ್ಟ, ಇನ್ನೊಂದು ಬದಿಗೆ ಕಣಿವೆ. ಬೆಟ್ಟದ ಬದಿಗೆ ಬಿದ್ದರೆ ತಲೆ ಒಡೆಯುತ್ತದೆ, ಕಣಿವೆಯ ಬದಿಗೆ ಬಿದ್ದರೆ ಹುಡುಕುವವರಿಗೆ ಕಷ್ಟ. ಆದ್ದರಿಂದ ಆ ಮಹಾ ಸಾಹಸದ ಗಾಡಿ ಹಾಲಿನ ಬೂತಿನಿಂದ ಆಚೆಗೆ ಹೋದದ್ದಿಲ್ಲ. ಹೀಗಿರುವಾಗ ವಾಮನ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ. ವಡೋದರದ ಹತ್ತಿರ ಮಹಿ ನದಿಯ ಕೊರಕಲಿನಲ್ಲಿ ಹುಡುಗರು ಧೂಳೆಬ್ಬಿಸಿ ಬೈಕು ಓಡಿಸುತ್ತಿದ್ದರು, ಬೀಳುತ್ತಿದ್ದರು, ಬಿದ್ದಲ್ಲೇ ನಗುತ್ತಿದ್ದರು. ಮೆತ್ತಗಿನ ಮಣ್ಣು, ಹಿತವಾದ ಬಿಸಿಲು. ಬೀಳಲು ಇದಕ್ಕಿಂತ ಒಳ್ಳೆಯ ಊರು ಭಾರತದಲ್ಲಿಲ್ಲ ಎಂದು ಅವನಿಗೆ ಅಂದೇ ಖಚಿತವಾಯಿತು.

ಕಂಪನಿಯ ವಡೋದರದ ಡಿಪೋಗೆ ವರ್ಗ ಕೇಳಿಕೊಂಡ. ಸ್ನೇಹಿತರ ಹತ್ತಿರ, "ರೈಡಿಂಗಿಗೋಸ್ಕರ ಹೋಗುತ್ತಿದ್ದೇನೆ" ಎಂದು ಎದೆಯುಬ್ಬಿಸಿ ಹೇಳಿದ. ಮನೆಯಲ್ಲಿ, "ಅಮ್ಮನ ಮೊಣಕಾಲಿಗೋಸ್ಕರ" ಎಂದು ಎದೆ ತಗ್ಗಿಸಿ ಹೇಳಿದ. ಅವನ ತಾಯಿ ರಾಜಮ್ಮನಿಗೆ ಸೋಲನ್ನಿನ ಚಳಿಗೆ ಮೊಣಕಾಲು ಹಿಡಿದುಕೊಂಡು, ಅಡುಗೆಮನೆಯಿಂದ ದೇವರ ಕೋಣೆಗೆ ಬರುವುದೂ ಒಂದು ಯಾತ್ರೆಯಾಗಿತ್ತು ಎಂಬುದು ನಿಜವೇ. ಆದರೆ ಕಮಲಾ ಸಾಮಾನು ಕಟ್ಟುವಾಗ ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಯ ಅಂಗಡಿಯೊಂದರಿಂದ ಮೊದಲೇ ತರಿಸಿಟ್ಟ ಎದೆಕವಚ, ಮೊಣಕಾಲಿನ ಪಟ್ಟಿ, ಹೆಲ್ಮೆಟ್ಟು ಎಲ್ಲ ಹೊರಬಿದ್ದವು.

"ಅತ್ತೆಯ ಮೊಣಕಾಲಿಗೆ ಹೆಲ್ಮೆಟ್ ಯಾಕೆ ಬೇಕು ಮಾರಾಯ್ರೆ?" ಎಂದು ಕೇಳಿದಳು.

ವಾಮನ ಪಟ್ಟಿಯನ್ನು ಎತ್ತಿ ತೋರಿಸಿದ. "ಇದು ಮೊಣಕಾಲಿಗೇ ಅಲ್ವಾ?"

ಕಮಲಾ ಜಗಳಕ್ಕೆ ನಿಲ್ಲಲಿಲ್ಲ. ಕರಾರು ಹಾಕಿದಳು. "ದೀಪಾವಳಿ ತನಕ ನೋಡುವ. ಅಲ್ಲಿಯ ಜನ ನಮ್ಮನ್ನು ಅವರ ಒಟ್ಟಿಗೆ ಇಟ್ಟುಕೊಂಡರೆ ಇರುವ. ಇಲ್ಲದಿದ್ದರೆ ಆ ಬೈಕು ಮಾರಿ ಸುಮ್ಮನೆ ಪುನಃ ಸೋಲನ್ನಿಗೆ. ಆಗ ಅಯ್ಯೋ ಅಪ್ಪಾ ಹೇಳಬಾರದು."

ಹೀಗೆ ಸಂಸಾರ ವಡೋದರಕ್ಕೆ ಬಂತು. ಕೊಯಾಲಿಯ ಕಡೆಗೆ ಹೋಗುವ ರಸ್ತೆಯ ಪಕ್ಕ 'ಶಾಂತಿನಿಕುಂಜ್' ಎಂಬ ಸೊಸೈಟಿಯ ಎರಡನೇ ಮಹಡಿಯಲ್ಲಿ ಬಾಡಿಗೆ ಮನೆ. ಅಲ್ಲಿ ಒಂದು ನಿಯಮವಿತ್ತು. ಹೊಸ ಬಾಡಿಗೆಯವರನ್ನು ಮೊದಲು ಸ್ವಲ್ಪ ದಿನ ನೋಡುತ್ತಾರೆ, ಗಲಾಟೆಯವರಲ್ಲ ಎಂದು ಖಾತರಿಯಾದರೆ ಮುಂದಕ್ಕೂ ಇರಬಹುದು. ವಾಮನನ ವಿಷಯ ದೀಪಾವಳಿಯ ಹೊತ್ತಿಗೆ ತೀರ್ಮಾನವಾಗಬೇಕಿತ್ತು. ತೀರ್ಮಾನಿಸಬೇಕಾದವರು ಸೊಸೈಟಿಯ ಚೇರ್ಮನ್ ಜಯಂತಿಭಾಯಿ. ಜಯಂತಿ ಎಂದರೆ ನಮ್ಮ ಕಡೆ ಹೆಂಗಸಿನ ಹೆಸರು. ಗುಜರಾತಿನಲ್ಲಿ ಅದಕ್ಕೆ ದಪ್ಪ ಮೀಸೆ ಇರುತ್ತದೆ ಎಂದು ರಾಜಮ್ಮನಿಗೆ ಅರಗಿಸಿಕೊಳ್ಳಲು ಒಂದು ವಾರ ಬೇಕಾಯಿತು.

ಬಿಸಿಲು ಮಾತ್ರ ತನ್ನ ಕೆಲಸ ಮಾಡಿತು. ಬಾಲ್ಕನಿಯಲ್ಲಿ ಕಾಲು ನೀಡಿ ಕುಳಿತ ರಾಜಮ್ಮನ ಮೊಣಕಾಲು ದಿನದಿಂದ ದಿನಕ್ಕೆ ಬಿಡಿಸಿಕೊಂಡಿತು. ಆದರೆ ನೆರೆಹೊರೆಯವರಿಗೆ ವಾಮನ ಬಿಡಿಸಲಾಗದ ಒಗಟಾಗಿದ್ದ. ಎದೆಕವಚ ತೊಟ್ಟು ಹಾಲು ತರಲು ಹೋಗುವ ಮನುಷ್ಯನನ್ನು ಶಾಂತಿನಿಕುಂಜ್ ಇದುವರೆಗೆ ಕಂಡಿರಲಿಲ್ಲ. ಪೊಲೀಸಿನವನೋ, ಸಿನಿಮಾದಲ್ಲಿ ನಾಯಕನ ಬದಲಿಗೆ ಬೀಳುವವನೋ ಎಂದು ಮಾತಾಯಿತು. ಕೆಳಗಿನ ಮನೆಯ ಪ್ರಮೋದ್‌ಭಾಯಿಗೆ ಮಾತ್ರ ಅವನ ನಿಜಸ್ವರೂಪ ಗೊತ್ತಿತ್ತು. ಏಕೆಂದರೆ ಪಾರ್ಕಿಂಗಿನಲ್ಲಿ ಬೈಕು ನಿಲ್ಲಿಸುವಾಗ ವಾಮನ ಕಾಲಿಡುತ್ತಿದ್ದದ್ದು ಅವರ ಸ್ಕೂಟರಿನ ಸೀಟಿನ ಮೇಲೆ. ಪ್ರಮೋದ್‌ಭಾಯಿ ಸಾಧು ಮನುಷ್ಯ, ಏನೂ ಹೇಳುತ್ತಿರಲಿಲ್ಲ. ಅವರ ಹೆಂಡತಿ ಮಂದಾಕಿನಿಬೆನ್ ಇಬ್ಬರ ಪಾಲಿನದನ್ನೂ ಹೇಳುತ್ತಿದ್ದರು.

ದೀಪಾವಳಿಯ ಹಿಂದಿನ ದಿನ, ನಮ್ಮ ನರಕ ಚತುರ್ದಶಿ. ಎಣ್ಣೆಸ್ನಾನ ಮುಗಿಸಿ, ರಜೆಯ ಉತ್ಸಾಹದಲ್ಲಿ ವಾಮನ ಮೊದಲ ಬಾರಿಗೆ ಮಹಿ ನದಿಯ ಕೊರಕಲಿಗೆ ಹೊರಟ. ಅಲ್ಲಿಗೆ ತಲುಪಿದ ಮೇಲೆಯೇ ಅವನಿಗೆ ಗೊತ್ತಾದದ್ದು, ರಸ್ತೆ ಇಲ್ಲದ ಕಡೆ ಕಟ್ಟೆಯೂ ಇರುವುದಿಲ್ಲ ಎಂದು. ಎಲ್ಲಿ ನೋಡಿದರೂ ಮಣ್ಣು. ಇಳಿಯುವುದು ಹೇಗೆ? ಉಳಿದ ಸವಾರರು ಟೀ ಕುಡಿದರು, ಫೋಟೋ ತೆಗೆಸಿಕೊಂಡರು, ಬುತ್ತಿ ಬಿಚ್ಚಿ ಉಂಡರು. ವಾಮನ ಅವರ ಸುತ್ತ ಪ್ರದಕ್ಷಿಣೆ ಹಾಕುತ್ತಲೇ ಇದ್ದ. "ಏನು ಸ್ಟ್ಯಾಮಿನಾ!" ಎಂದು ಅವರು ಚಪ್ಪಾಳೆ ತಟ್ಟಿದರು. ಅವನು ಕೈಬೀಸಲು ಹೋಗಿ ಬಿದ್ದ. ಮಣ್ಣು ನಿಜಕ್ಕೂ ಮೆತ್ತಗಿತ್ತು. ಅವರೇ ಎತ್ತಿ ಕೂರಿಸಿದ ಮೇಲೆ ಇಡೀ ದಿನ ಓಡಿಸಿ, ಬೈಕಿನಿಂದ ಇಳಿಯದೆ, ಹಸಿವಿನಿಂದ ಕಣ್ಣು ಕತ್ತಲಿಟ್ಟು, ಮುಸ್ಸಂಜೆಗೆ ಸೊಸೈಟಿಯ ಹತ್ತಿರದ ನಾಲ್ಕು ರಸ್ತೆ ಕೂಡುವಲ್ಲಿಗೆ ಬಂದ.

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಿಬಿಡಬೇಕು. ವಾಮನನಿಗೆ ಯಾರೂ ಹೇಳಿರಲಿಲ್ಲ. ಆ ದಿನ ಗುಜರಾತಿಗಳಿಗೆ ಕಾಳಿ ಚೌದಸ್. ಮನೆಯ ಹೆಂಗಸರು ಸಂಜೆ ವಡೆ ಕರಿದು, ದೊನ್ನೆಯಲ್ಲಿ ತಂದು, ನಾಲ್ಕು ದಾರಿ ಕೂಡುವಲ್ಲಿ ಇಟ್ಟು, ಸುತ್ತ ನೀರಿನ ಗೆರೆ ಎಳೆದು ಬರುತ್ತಾರೆ. ಮನೆಯಲ್ಲಿ ವರ್ಷವಿಡೀ ಆದ ಜಗಳ, ಕಿರಿಕಿರಿ, ಗೊಣಗಾಟ ಎಲ್ಲ ಆ ವಡೆಯ ಜೊತೆ ಹೊರಗೆ ಹೋಯಿತು ಎಂದು ಲೆಕ್ಕ. ಅದಕ್ಕೆ ಅವರು 'ಕಕಳಾಟ್' ಹಾಕುವುದು ಎನ್ನುತ್ತಾರೆ. ಇಟ್ಟು ಬರುವಾಗ ಒಂದೇ ನೇಮ, ಯಾವ ಕಾರಣಕ್ಕೂ ಹಿಂದೆ ತಿರುಗಿ ನೋಡಬಾರದು. ನೋಡಿದರೆ ಆ ಜಗಳ ಬೆನ್ನು ಹತ್ತಿ ಮನೆಗೇ ಬರುತ್ತದೆ.

ಇನ್ನು ವಾಮನನ ಕಡೆಯ ವಿಷಯ. ಅವನ ತಂದೆ ಕಾರ್ಕಳದಲ್ಲಿ ಹೋಟೆಲು ನಡೆಸಿದವರು. ಅವರದ್ದೂ ಒಂದು ನೇಮವಿತ್ತು. ಗಿರಾಕಿ ಮರೆತುಹೋದ ಪೊಟ್ಟಣವನ್ನು ಅವನ ಮನೆಗೆ ಮುಟ್ಟಿಸದೆ ಹೋಟೆಲಿನ ಬಾಗಿಲು ಹಾಕಬಾರದು. ಚಿಕ್ಕಂದಿನಲ್ಲಿ ವಾಮನ ಎಷ್ಟೋ ಮನೆಗಳಿಗೆ ಗೋಳಿಬಜೆ ಹೊತ್ತು ಓಡಿದ್ದ. ವಡೆಯನ್ನು ಅನಾಥವಾಗಿ ಬಿಟ್ಟು ಹೋಗುವುದು ಅವನ ರಕ್ತದಲ್ಲೇ ಇರಲಿಲ್ಲ.

ಟ್ರಾಫಿಕ್ ಪೊಲೀಸರು ನಿಲ್ಲುವ ಕಟ್ಟೆಗೆ ಕಾಲಿಟ್ಟು ಅವನು ಬೈಕು ನಿಲ್ಲಿಸಿದಾಗ ಮಂದಾಕಿನಿಬೆನ್ ಒಂದು ದೊನ್ನೆಯನ್ನು ಕೆಳಗಿಟ್ಟು, ಸೆರಗು ಸರಿಪಡಿಸಿಕೊಂಡು, ಹೊರಟೇಬಿಟ್ಟರು. ದೊನ್ನೆಯಲ್ಲಿ ಹೊಂಬಣ್ಣದ ವಡೆ. ಪಕ್ಕದಲ್ಲಿ ಇನ್ನೊಂದು ದೊನ್ನೆ, ಅದರಾಚೆ ಮತ್ತೊಂದು. ಶಾಂತಿನಿಕುಂಜದ ಹೆಂಗಸರು ಸಾಲಾಗಿ ಮನೆಯ ಕಡೆ ನಡೆಯುತ್ತಿದ್ದಾರೆ, ಒಬ್ಬರ ಕೈಯಲ್ಲೂ ವಡೆ ಇಲ್ಲ.

"ಬೆನ್! ಓ ಬೆನ್! ಆಪ್ ಕಾ ವಡಾ!" ಎಂದು ವಾಮನ ಕೂಗಿದ.

ಹೆಂಗಸರು ಬಿರಬಿರನೆ ನಡೆದರು. ಪಾಪ, ಹಬ್ಬದ ಗಡಿಬಿಡಿಯಲ್ಲಿ ಕೇಳಿಸಲಿಲ್ಲ ಎಂದುಕೊಂಡ ಅವನು ಹೆಲ್ಮೆಟ್ಟು ತೆಗೆದು ಮಗುಚಿ, ಇದ್ದಬದ್ದ ವಡೆಗಳನ್ನೆಲ್ಲ ಅದಕ್ಕೆ ತುಂಬಿ, ಹ್ಯಾಂಡಲಿಗೆ ತೂಗುಹಾಕಿಕೊಂಡು ಬೆನ್ನಟ್ಟಿದ. ಹಿಂದಿನಿಂದ ಹೆಡ್‌ಲೈಟು ಬಿದ್ದದ್ದರಿಂದ ಹೆಂಗಸರ ನೆರಳು ರಸ್ತೆಯುದ್ದಕ್ಕೂ ಚಾಚಿಕೊಂಡಿತು. ಈಗ ಅವರ ಸ್ಥಿತಿಯನ್ನು ಯೋಚಿಸಿ. ಜಗಳವನ್ನು ಬಿಟ್ಟು ಬಂದಿದ್ದಾರೆ, ತಿರುಗಿ ನೋಡುವಂತಿಲ್ಲ. ಆ ಜಗಳ ಡುರ್ರೆಂದು ಸದ್ದು ಮಾಡುತ್ತ, "ನಿಮ್ಮ ವಡೆ, ನಿಮ್ಮ ವಡೆ" ಎಂದು ಹಿಂದಿಯಲ್ಲಿ ಕೂಗುತ್ತ ಹಿಂದೆಯೇ ಬರುತ್ತಿದೆ. ಇದುವರೆಗೆ ಕಕಳಾಟ್ ಯಾರನ್ನೂ ಇಷ್ಟು ನಿಷ್ಠೆಯಿಂದ ಹಿಂಬಾಲಿಸಿರಲಿಲ್ಲ. ಒಬ್ಬರು ಓಡಿದರು. ಆಮೇಲೆ ಎಲ್ಲರೂ ಓಡಿದರು. ಮಂಡಿನೋವೆಂದು ಲಿಫ್ಟಿಗೇ ಕಾಯುತ್ತಿದ್ದ ಮಂದಾಕಿನಿಬೆನ್ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು.

ವಾಮನ ಬಿಡುವ ಜಾತಿಯವನಲ್ಲ. ಪ್ರಮೋದ್‌ಭಾಯಿಯ ಸ್ಕೂಟರಿನ ಮೇಲೆ ಕಾಲಿಟ್ಟು ಇಳಿದು, ಹೆಲ್ಮೆಟ್ಟು ಹಿಡಿದು ಮನೆಮನೆಯ ಗಂಟೆ ಒತ್ತಿದ.

ಮೊದಲು ಮಂದಾಕಿನಿಬೆನ್ ಮನೆ. ಬಾಗಿಲು ತೆರೆದ ಪ್ರಮೋದ್‌ಭಾಯಿ, "ಅರೆ ವಾಹ್, ವಡಾ!" ಎಂದು ಕೈ ಹಾಕಿದರು. ಆ ಕೈ ಮೇಲೆ ಒಳಗಿನಿಂದ ಒಂದು ಪೆಟ್ಟು ಬಿತ್ತು.

"ಅದು ನಮ್ಮದಲ್ಲ!" ಎಂದರು ಮಂದಾಕಿನಿಬೆನ್, ಏದುಸಿರು ಬಿಡುತ್ತ.

"ನೀವು ಇಟ್ಟದ್ದನ್ನು ನಾನೇ ನೋಡಿದೆ ಬೆನ್. ಬಿಸಿ ಕೂಡ ಆರಿಲ್ಲ."

"ನಮ್ಮದಲ್ಲ! ನಾವು ವಡೆ ಮಾಡುವುದೇ ಇಲ್ಲ! ನಾನು ಹುಟ್ಟಿದ ಮೇಲೆ ವಡೆ ನೋಡಿಯೇ ಇಲ್ಲ!" ಬಾಗಿಲು ಧಡಾರನೆ ಮುಚ್ಚಿತು.

ಮುಂದಿನ ಮನೆಯಲ್ಲೂ ನಮ್ಮದಲ್ಲ. ಅದರಾಚೆಯ ಮನೆಯಲ್ಲೂ ನಮ್ಮದಲ್ಲ. ಒಂದು ಮನೆಯವರು ಒಳಗಿನಿಂದಲೇ, "ನಾವು ಮನೆಯಲ್ಲಿಲ್ಲ" ಎಂದರು. ಚೇರ್ಮನ್ ಜಯಂತಿಭಾಯಿಯ ಮನೆಯಲ್ಲಿ ಬಾಗಿಲ ಸಂದಿನಿಂದ ಒಂದು ಕಣ್ಣು, ಅರ್ಧ ಮೀಸೆ ಕಾಣಿಸಿ ಮಾಯವಾದವು. ವಾಮನನಿಗೆ ಕಣ್ಣು ತುಂಬಿ ಬಂತು. ಎಂಥ ಜನ! ಇನ್ನೊಬ್ಬರ ವಡೆಗೆ ಒಬ್ಬರೂ ಆಸೆಪಡುವುದಿಲ್ಲ!

ಮನೆಗೆ ಬಂದು ಹೆಲ್ಮೆಟ್ಟನ್ನು ಊಟದ ಮೇಜಿನ ಮೇಲಿಟ್ಟು ಇದನ್ನೆಲ್ಲ ಅವನು ವರ್ಣಿಸುತ್ತಿದ್ದಂತೆ ಕಮಲಾಳ ಮುಖ ಬಿಗಿಯಿತು. "ಎಲ್ಲರೂ ಬಾಗಿಲು ಹಾಕಿದರಾ? ಏನೋ ಯಡವಟ್ಟು ಮಾಡಿದ್ದೀರಿ ನೀವು. ಪದ್ದಣ್ಣನಿಗೆ ಫೋನು ಹಚ್ಚಿ ನೋಡುವ" ಎಂದು ಅವನನ್ನು ಬಾಲ್ಕನಿಗೆ ಎಳೆದುಕೊಂಡು ಹೋದಳು.

ಪದ್ದಣ್ಣ, ಅಂದರೆ ಕಮಲಾಳ ಅಣ್ಣ ಪದ್ಮನಾಭ, ಸೂರತ್ತಿನಲ್ಲಿ ಉಡುಪಿ ಹೋಟೆಲು ಇಟ್ಟು ತಲೆ ಬೆಳ್ಳಗೆ ಮಾಡಿಕೊಂಡವನು. ವಾಮನ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಸಾಂಬಾರಿನ ಒಲೆ ಆರಿಸಿ ಕೇಳಿದ.

"ಭಾವ, ನೀವು ಎಂತ ಮಾಡಿದ್ದು?"

"ಮರೆತದ್ದನ್ನು ವಾಪಸು ಕೊಟ್ಟದ್ದು."

"ಮರೆತದ್ದಲ್ಲ ಮಾರಾಯ್ರೆ, ಬಿಸಾಡಿದ್ದು! ಅದು ವಡೆ ಅಲ್ಲ, ಜಗಳ! ಇಡೀ ಸೊಸೈಟಿಯ ಒಂದು ವರ್ಷದ ಜಗಳವನ್ನು ಒಟ್ಟು ಮಾಡಿ ಮನೆಮನೆಗೆ ಹಂಚಲಿಕ್ಕೆ ಹೋದಿರಲ್ಲ, ನಿಮ್ಮ ಮಂಡೆ ಸರಿ ಉಂಟಾ? ಈಗ ಎಲ್ಲಿ ಉಂಟು ಅದು?"

"ಊಟದ ಮೇಜಿನ ಮೇಲೆ."

"ಕೂಡಲೇ ತೆಗೆದುಕೊಂಡು ಹೋಗಿ ಅದೇ ಜಾಗದಲ್ಲಿ ಇಟ್ಟು ಬನ್ನಿ. ತಿರುಗಿ ನೋಡಬೇಡಿ!"

ಇಬ್ಬರೂ ಒಳಗೆ ಓಡಿ ಬಂದರು. ರಾಜಮ್ಮ ಮೇಜಿನ ಮುಂದೆ ಕುಳಿತು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಚಟ್ನಿಯ ಬಟ್ಟಲು ಬರಿದಾಗಿತ್ತು. ಹೆಲ್ಮೆಟ್ಟೂ ಬರಿದಾಗಿತ್ತು. ಮಗಳು ಕೃಪಾ ಎದುರಿಗೆ ಕುಳಿತು ಮೊಬೈಲು ನೋಡುತ್ತಿದ್ದಳು.

"ಪದ್ದು ಹೋಟೆಲಿನದ್ದಾ ಮಗ?" ಎಂದರು ರಾಜಮ್ಮ. "ಒಂದೊಂದು ಒಂದೊಂದು ನಮೂನೆ ಉಂಟು. ಭಟ್ಟರನ್ನು ದಿನಾ ಬದಲಿಸ್ತಾನೆ ಕಾಣ್ತದೆ."

"ಎಲ್ಲ ತಿಂದಿರಾ ಅತ್ತೆ?" ಕಮಲಾ ಹೆಲ್ಮೆಟ್ಟಿನೊಳಗೆ ಇಣುಕಿದಳು.

"ಕೃಪಾ ಬೇಡ ಹೇಳಿದಳು. ಹಾಳು ಮಾಡಬಾರದಲ್ಲ."

ಮಾರನೆಯ ದಿನ ದೀಪಾವಳಿ. ಶಾಂತಿನಿಕುಂಜದಲ್ಲಿ ಪಟಾಕಿಗಿಂತ ಮೊದಲು ಜಗಳ ಸಿಡಿಯಿತು. ಒಂದು ಮನೆಯಲ್ಲಿ ಸೋಫಾದ ಕವರಿನ ಬಣ್ಣಕ್ಕೆ, ಇನ್ನೊಂದರಲ್ಲಿ ಅತ್ತೆಗೆ ಸೀರೆ ತಂದದ್ದಕ್ಕೆ, ಮತ್ತೊಂದರಲ್ಲಿ ತಾರದ್ದಕ್ಕೆ. ಹಬ್ಬದ ಮನೆಯಲ್ಲಿ ಇದೆಲ್ಲ ಪ್ರತಿ ವರ್ಷ ಇದ್ದದ್ದೇ. ಆದರೆ ಪ್ರತಿ ವರ್ಷ ಅದಕ್ಕೆ ಕಾರಣ ಹುಡುಕಬೇಕಾಗಿತ್ತು, ಈ ವರ್ಷ ಕಾರಣ ಎರಡನೇ ಮಹಡಿಯಲ್ಲಿ ಬಾಡಿಗೆಗಿತ್ತು. ಪ್ರಮೋದ್‌ಭಾಯಿಯಂಥ ಪ್ರಮೋದ್‌ಭಾಯಿ, ಮದುವೆಯಾದ ಮೇಲೆ ಮೊದಲ ಬಾರಿಗೆ ಹೆಂಡತಿಗೆ ಎದುರುತ್ತರ ಕೊಟ್ಟರಂತೆ. ಕೊಟ್ಟು ತಾವೇ ಗಾಬರಿಯಾಗಿ ಗ್ಯಾಸ್ ಸಿಲಿಂಡರಿನ ಹಿಂದೆ ಅಡಗಿಕೊಂಡರಂತೆ.

ಸಂಜೆ ಪಾರ್ಕಿಂಗಿನಲ್ಲಿ ತುರ್ತುಸಭೆ ಸೇರಿತು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಜಯಂತಿಭಾಯಿ, ಸುತ್ತ ಇಡೀ ಸೊಸೈಟಿ, ನಡುವೆ ವಾಮನ. ಅಪರಾಧಿಗೆ ತಕ್ಕಂತೆ ತಲೆ ತಗ್ಗಿಸಿದ್ದ. ಅವನು ತಲೆ ಎತ್ತಿದ್ದರೂ ಹಿಂದಿನ ಸಾಲಿಗೆ ಕಾಣುತ್ತಿರಲಿಲ್ಲ ಎಂಬುದು ಬೇರೆ ಮಾತು. ಜಯಂತಿಭಾಯಿ ಗುಜರಾತಿ ಹಿಂದಿ ಬೆರೆಸಿ ಗಂಭೀರವಾಗಿ ಹೇಳಿದ್ದರ ಸಾರ ಇಷ್ಟು:

"ವಾಮನ್‌ಭಾಯಿ, ಈ ಸೊಸೈಟಿಗೆ ಎಂಥೆಂಥವರೋ ಬಂದಿದ್ದಾರೆ. ಗೋಡೆಗೆ ಮೊಳೆ ಹೊಡೆದವರು, ನೀರು ಪೋಲು ಮಾಡಿದವರು, ರಾತ್ರಿ ಹಾಡಿದವರು. ಜಗಳವನ್ನು ಹೋಮ್ ಡೆಲಿವರಿ ಮಾಡಿದವರು ನೀವೇ ಮೊದಲು. ಆದದ್ದಾಯಿತು. ಆ ವಡೆಗಳನ್ನು ತನ್ನಿ, ಪುನಃ ಇಟ್ಟು ಬರೋಣ. ಆಮೇಲೆ ನಿಮ್ಮ ವಿಷಯ ಮಾತಾಡೋಣ."

ವಾಮನ ತಗ್ಗಿದ ತಲೆಯನ್ನು ಇನ್ನಷ್ಟು ತಗ್ಗಿಸಿದ. "ವಡೆ ಇಲ್ಲ."

"ಇಲ್ಲ ಅಂದರೆ?"

"ಖಾಲಿಯಾಯಿತು."

"ಯಾರು ಖಾಲಿ ಮಾಡಿದ್ದು?"

ಆ ಹೊತ್ತಿಗೆ ಸರಿಯಾಗಿ, ಮಗ ಎಲ್ಲಿ ಹೋದ ಎಂದು ಹುಡುಕುತ್ತ ರಾಜಮ್ಮ ಮೊಮ್ಮಗಳ ಜೊತೆ ಮೆಟ್ಟಿಲಿಳಿದು ಬಂದರು. ಎಲ್ಲರೂ ವಾಮನನ ಕಣ್ಣು ಹೋದ ಕಡೆ ನೋಡಿದರು. ವಿಷಯ ಬಾಯಿಂದ ಬಾಯಿಗೆ ಹರಿಯಿತು. ಬಾ, ಅಂದರೆ ಆ ಮುದುಕಿ ತಾಯಿ, ಸೊಸೈಟಿಯ ಎಲ್ಲರ ಜಗಳವನ್ನು ಒಬ್ಬರೇ ಕುಳಿತು ಚಟ್ನಿಯ ಜೊತೆ ತಿಂದಿದ್ದಾರೆ. ಮುಂದಿನ ಸಾಲಿನವರು ಹಿಂದೆ ಸರಿದರು. ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು. ಅಷ್ಟು ಜಗಳ ಹೊಟ್ಟೆಯಲ್ಲಿಟ್ಟುಕೊಂಡ ಹೆಂಗಸು ಬಾಯಿ ತೆರೆದರೆ ಏನಾದೀತು?

ರಾಜಮ್ಮ ಬಾಯಿ ತೆರೆದರು.

"ಇವರೆಲ್ಲ ಯಾಕೆ ಸೇರಿದ್ದು ಕೃಪಾ?"

ಸೋಲನ್ನಿನಲ್ಲಿ ಬೆಳೆದ ಕೃಪಾಳ ಕನ್ನಡ ಅರ್ಧ ದಾರಿಗೆ ಹಿಂದಿಯ ಬಸ್ಸು ಹತ್ತುತ್ತಿತ್ತು. "ಅಜ್ಜಿ, ನಿನ್ನೆಯ ವಡಾ ಇದೆ ಅಲ್ವಾ, ವೋ ಸಬ್ ಇವರದ್ದು. ಇವರು ಮಾಡಿದ್ದು."

"ಹೌದಾ!" ರಾಜಮ್ಮನ ಮುಖ ಅರಳಿತು. "ಮೊದಲೇ ಹೇಳಬಾರದಾ? ತಿಂದು ಒಂದು ಮಾತು ಹೇಳದಿದ್ದರೆ ಮಾಡಿದವರಿಗೆ ಬೇಜಾರಾಗುವುದಿಲ್ಲವಾ? ಹೇಳು ಅವರಿಗೆ. ಒಟ್ಟಿನಲ್ಲಿ ಉಪ್ಪು ಸ್ವಲ್ಪ ಕಮ್ಮಿ."

ಕೃಪಾ ಹಿಂದಿಯಲ್ಲಿ ಹೇಳಿದಳು.

"ಒಂದಕ್ಕೆ ಸೋಡಾ ಜಾಸ್ತಿ ಬಿದ್ದಿದೆ, ಎಣ್ಣೆ ಕುಡಿದಿದೆ. ಇನ್ನೊಂದು ಇತ್ತು, ಗೋಡೆಗೆ ಹೊಡೆದರೆ ಗೋಡೆ ಬೀಳಬೇಕು. ಆದರೆ ಒಂದೇ ಒಂದು ಇತ್ತು ನೋಡು." ರಾಜಮ್ಮ ಕಣ್ಣು ಮುಚ್ಚಿದರು. "ಹೊರಗೆ ಗರಿಗರಿ, ಒಳಗೆ ಹತ್ತಿ. ಕಾಳುಮೆಣಸು ಜಜ್ಜಿ ಹಾಕಿದ್ದು, ಪುಡಿ ಅಲ್ಲ. ನಮ್ಮವರು ಇದ್ದಿದ್ದರೆ ಅದನ್ನು ಮಾಡಿದವಳ ಕಾಲು ಹಿಡಿದು ಹೋಟೆಲಿಗೆ ಕರೆಯುತ್ತಿದ್ದರು. ಅಂಥ ವಡೆ ನಾನು ಅವರು ಹೋದ ಮೇಲೆ ತಿಂದದ್ದೇ ಇಲ್ಲ."

ಹೇಳುವಾಗ ರಾಜಮ್ಮನ ಸ್ವರ ಒಂದಿಷ್ಟು ತಗ್ಗಿತು. ಕೃಪಾ ಅದನ್ನೂ ಹಾಗೆಯೇ ತಗ್ಗಿಸಿ ಹೇಳಿದಳು. ಗುಂಪನ್ನು ಸೀಳಿಕೊಂಡು ಮಂದಾಕಿನಿಬೆನ್ ಮುಂದೆ ಬಂದರು.

"ಅದು ನನ್ನದು."

"ನಿನ್ನದು ಹೇಗೆ?" ಎಂದರು ಜಯಂತಿಭಾಯಿಯ ಹೆಂಡತಿ. "ಕಾಳುಮೆಣಸು ಜಜ್ಜಿ ಹಾಕುವುದು ಈ ಸೊಸೈಟಿಯಲ್ಲಿ ನಾನೊಬ್ಬಳೇ!"

"ನನ್ನ ಅಮ್ಮನ ಕಾಲದಿಂದ ನಮ್ಮಲ್ಲಿ ಜಜ್ಜುತ್ತೇವೆ!" ಎಂದು ಮೂರನೆಯವರು ನುಗ್ಗಿದರು.

"ನಿಲ್ಲಿ, ನಿಲ್ಲಿ!" ಜಯಂತಿಭಾಯಿ ಎದ್ದರು. "ಮಂದಾಕಿನಿಬೆನ್, ನೀವು ವಡೆಯನ್ನು ಹುಟ್ಟಿದ ಮೇಲೆ ನೋಡಿಯೇ ಇಲ್ಲ ಎಂದಿರಂತೆ. ಈಗ ನಿಮ್ಮದು ಎನ್ನುತ್ತೀರಿ. ವಡೆ ನಿಮ್ಮದಾದರೆ ಅದರ ಜಗಳವೂ ನಿಮ್ಮದೇ ಆಗುತ್ತದೆ. ಯೋಚಿಸಿ!"

"ಆಗಲಿ! ಜಗಳ ನನ್ನದೇ! ಈ ಸೊಸೈಟಿಯ ಎಲ್ಲ ಜಗಳವೂ ನನ್ನದೇ! ಆ ವಡೆ ನನ್ನದು!"

"ಜಗಳ ನಮ್ಮನೆಯದು!" ಎಂದರು ಚೇರ್ಮನ್ನರ ಹೆಂಡತಿ. "ನಮ್ಮ ಮನೆಯಲ್ಲಿ ಎಂಥ ಜಗಳವಾಗುತ್ತದೆಂದು ಇವರನ್ನೇ ಕೇಳಿ!" ಜಯಂತಿಭಾಯಿ ಮೀಸೆಯೊಳಗೆ ಕುಸಿದರು. ಸೋಡಾ ಜಾಸ್ತಿಯಾದ ವಡೆ ಯಾರದೆಂಬ ಎರಡನೆಯ ಪ್ರಶ್ನೆಯೂ ಎದ್ದಿತು. ಅದನ್ನು ಎಲ್ಲರೂ ಪಕ್ಕದವರತ್ತ ಕೈತೋರಿಸಿ ಉತ್ತರಿಸಿದರು. ಸಭೆ ಸಂತೆಯಾಯಿತು. ಕೊನೆಗೆ ಜಯಂತಿಭಾಯಿ, ತೀರ್ಮಾನ ನಾಳೆ ಎಂದು ಕೂಗಿ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಒಳಗೆ ಓಡಿದರು.

ವಾಮನನಿಗೆ ತೀರ್ಮಾನ ಏನೆಂದು ಗೊತ್ತಾಗಿಯೇ ಹೋಗಿತ್ತು. ಮನೆಗೆ ಬಂದು ನೋಡಿದರೆ ಕಮಲಾ ಸ್ವೆಟರುಗಳನ್ನು ಹೊರತೆಗೆದು ಮಡಚುತ್ತಿದ್ದಳು. ಬೈದರೆ ಸಹಿಸಬಹುದಿತ್ತು. ಅವಳು ಬೈಯಲಿಲ್ಲ.

"ಅತ್ತೆ ಇವತ್ತು ಮೆಟ್ಟಿಲು ಇಳಿದು ಬಂದರು," ಎಂದಳು. "ಕಂಬಿ ಹಿಡಿಯದೆ. ನೋಡಿದಿರಾ?"

ವಾಮನ ನೋಡಿರಲಿಲ್ಲ. ಈಗ ನೆನಪಿಸಿಕೊಂಡು ನೋಡಿದ. ಹೌದು, ತಾಯಿ ನೆಟ್ಟಗೆ ನಡೆದು ಬಂದಿದ್ದರು. ಮೊಣಕಾಲಿನ ಹೆಸರು ಹೇಳಿ ತಾನು ಕಟ್ಟಿದ ಸುಳ್ಳು ತನಗೆ ಗೊತ್ತಿಲ್ಲದೆ ನಿಜವಾಗಿತ್ತು, ನಿಜವಾದ ಹೊತ್ತಿಗೆ ಅದನ್ನು ತಾನೇ ಹಾಳು ಮಾಡಿದ್ದ. ಅವನಿಗೆ ತುಂಬ ಸಂಕಟವಾಯಿತು.

"ಬೈಕು ಮಾರುವ," ಎಂದ. "ಅವರ ಕಾಲು ಹಿಡಿದಾದರೂ ಕೇಳುವ. ಇಲ್ಲೇ ಇರುವ ಕಮಲಾ. ಅಮ್ಮ ಪುನಃ ಆ ಚಳಿಗೆ ಬೇಡ."

"ನನಗೂ ಬೇಡ," ಎಂದಳು ಕಮಲಾ, ಸ್ವೆಟರಿನೊಳಗೆ ಮುಖ ಹುದುಗಿಸಿ.

ಬೆಳಗಾಯಿತು. ಕಾಲು ಹಿಡಿಯಲು ಸಿದ್ಧನಾಗಿ ವಾಮನ ಬಾಗಿಲು ತೆರೆದ. ಹೊಸ್ತಿಲ ಆಚೆ ಸಾಲಾಗಿ ಪುಟ್ಟ ಪುಟ್ಟ ದೊನ್ನೆ, ಪೊಟ್ಟಣ, ಬಟ್ಟಲು. ಎಲ್ಲದರಲ್ಲೂ ಉಪ್ಪು.

ಮನುಷ್ಯ ಒಮ್ಮೆ ಎಡವಿದ ಮೇಲೆ ಬುದ್ಧಿ ಕಲಿಯುತ್ತಾನೆ, ಆದರೆ ಕಲಿತದ್ದನ್ನು ಎಲ್ಲಿ ಉಪಯೋಗಿಸಬೇಕೆಂಬುದು ಬೇರೆಯೇ ಪಾಠ. "ಯಾರೂ ಮುಟ್ಟಬೇಡಿ!" ಎಂದು ಅವನು ಒಳಗೆ ತಿರುಗಿ ಕಿರುಚಿದ. "ಅಮ್ಮ, ತಿನ್ನಬೇಡಿ! ಕೃಪಾ, ಹಿಂದೆ ಹೋಗು! ಇವರು ನಮ್ಮನ್ನು ಉಪ್ಪು ಹಾಕಿ ಓಡಿಸುತ್ತಿದ್ದಾರೆ!" ಲುಂಗಿ ಎತ್ತಿ ಕಟ್ಟಿ, ಉಪ್ಪಿನ ಒಂದು ಹರಳೂ ತಾಗದಂತೆ, ಮೂರು ಹೆಜ್ಜೆಯಲ್ಲಿ ಅಷ್ಟನ್ನೂ ದಾಟಿ, ಹಿಂದೆ ತಿರುಗಿ ನೋಡದೆ ಮೆಟ್ಟಿಲಿಗೆ ಬಂದ.

ಮೆಟ್ಟಿಲ ತುಂಬ ಜನ. ಹೊಸ ಬಟ್ಟೆ ತೊಟ್ಟ ಶಾಂತಿನಿಕುಂಜ್ ಅಲ್ಲಿ ಕಾದು ನಿಂತಿತ್ತು. ನಗುತ್ತಿದ್ದ ಮುಖಗಳು ಒಂದೊಂದಾಗಿ ಬಾಡಿದವು.

"ವಾಮನ್‌ಭಾಯಿ," ಜಯಂತಿಭಾಯಿ ನಿಜವಾಗಿಯೂ ನೊಂದುಕೊಂಡಿದ್ದರು. "ರಸ್ತೆಯಲ್ಲಿ ಬಿಸಾಡಿದ್ದನ್ನು ಹುಡುಕಿ ಮನೆಗೆ ತಂದಿರಿ. ಮನೆ ಬಾಗಿಲಿಗೆ ತಂದದ್ದನ್ನು ದಾಟಿಕೊಂಡು ಹೋಗುತ್ತೀರಾ? ಇವತ್ತು ನಮ್ಮ ಹೊಸ ವರ್ಷ. ಇದು ಸಬ್‌ರಸ್! ವರ್ಷದ ಮೊದಲ ಬೆಳಗ್ಗೆ ಮನೆಗೆ ಉಪ್ಪು ಬಂದರೆ ಶುಭ. ನಿಮ್ಮ ಬಾ ಅವರಿಗೆ ಉಪ್ಪು ಕಮ್ಮಿಯಾಗಿತ್ತಂತಲ್ಲ, ಹಾಗಾಗಿ ಎಲ್ಲ ಮನೆಯಿಂದಲೂ ತಂದಿದ್ದಾರೆ."

ಮಂದಾಕಿನಿಬೆನ್ ಹಿಂದಿನಿಂದ ಒಂದು ಡಬ್ಬಿ ಮುಂದೆ ಚಾಚಿದರು. ಇತರರ ಕೈಯಲ್ಲೂ ಡಬ್ಬಿಗಳಿದ್ದವು. ಎಲ್ಲದರಿಂದಲೂ ಬಿಸಿ ವಡೆಯ ಪರಿಮಳ ಬರುತ್ತಿತ್ತು. "ಬಾ ಪುನಃ ತಿಂದು ನೋಡಬೇಕು. ಯಾರದು ಎಂದು ಇತ್ಯರ್ಥವಾಗದೆ ನಾವು ಯಾರೂ ಯಾರ ಹತ್ತಿರವೂ ಮಾತಾಡುವುದಿಲ್ಲ. ಈ ವರ್ಷ ಮಾತ್ರವಲ್ಲ, ಪ್ರತಿ ವರ್ಷ ಬಾ ತಿಂದು ನೋಡಿದ ಮೇಲೆಯೇ ವಡೆ ಹೊರಗಿಡುವುದು ಎಂದು ಹೆಂಗಸರೆಲ್ಲ ತೀರ್ಮಾನ ಮಾಡಿದ್ದೇವೆ."

"ಪ್ರತಿ ವರ್ಷವಾ?" ಎಂದ ವಾಮನ. "ಹಾಗಾದರೆ ನಾವು ಇಲ್ಲೇ?"

"ಮತ್ತೆ? ಬಾ ಪ್ರತಿ ವರ್ಷ ಹಿಮಾಚಲದಿಂದ ಬರಲಿಕ್ಕಾಗುತ್ತದೆಯೇ?"

ಅಷ್ಟರಲ್ಲಿ ಒಳಗಿನಿಂದ ರಾಜಮ್ಮ ಬಂದು, ಬಗ್ಗಿ, ಒಂದು ದೊನ್ನೆಯಿಂದ ಉಪ್ಪಿನ ಹರಳು ಎತ್ತಿ ಬಾಯಿಗೆ ಹಾಕಿಕೊಂಡರು. ಮೊಣಕಾಲು ಮಡಚಿ ಬಗ್ಗಿದ್ದನ್ನು ಕಮಲಾ ನೋಡಿದಳು, ವಾಮನನೂ ಈ ಸಲ ನೋಡಿದ.

"ಉಪ್ಪು ತಿಂದಾಯಿತು," ಎಂದರು ರಾಜಮ್ಮ. "ಇನ್ನು ಬಿಟ್ಟು ಹೋಗುವ ಮಾತುಂಟಾ? ಕಮಲಾ, ಆ ಸ್ವೆಟರು ಒಳಗಿಡು."

ಎಲ್ಲರೂ ಒಟ್ಟಾಗಿ ಕೆಳಗಿಳಿದರು. ಪಾರ್ಕಿಂಗಿನಲ್ಲಿ ಪ್ರಮೋದ್‌ಭಾಯಿ ಬೆವರು ಒರೆಸಿಕೊಳ್ಳುತ್ತ ಕಾಯುತ್ತಿದ್ದರು. ಅವರ ಸ್ಕೂಟರು ದೂರದ ಮೂಲೆಗೆ ಹೋಗಿತ್ತು. ವಾಮನನ ಬೈಕಿನ ಪಕ್ಕದಲ್ಲಿ, ಹಿಂದಿನ ಗೇಟಿನ ಹತ್ತಿರ ಬಿದ್ದಿದ್ದ ಹಳೆಯ ಸಿಮೆಂಟಿನ ಕಟ್ಟೆಯ ತುಂಡೊಂದು ಬಂದು ಕುಳಿತಿತ್ತು. ಸರಿಯಾದ ಎತ್ತರ, ಒಂದು ಕಾಲಿಡುವಷ್ಟು ಅಗಲ, ಸುತ್ತ ಹೊಸ ವರ್ಷದ ರಂಗೋಲಿ.

"ನಿಮಗೆ," ಎಂದರು ಪ್ರಮೋದ್‌ಭಾಯಿ. "ಕಾಲಿಡಲು."

ವಾಮನ ಹೋಗಿ ಬೈಕು ಹತ್ತಿ ಕುಳಿತು, ಎಡಗಾಲನ್ನು ಆ ಕಟ್ಟೆಯ ಮೇಲೆ ಇಟ್ಟು ನೋಡಿದ. ಅಲುಗಾಡಲಿಲ್ಲ.

"ಇವತ್ತು ನಮ್ಮಲ್ಲಿ ಬಲಿಪಾಡ್ಯಮಿ ಅಲ್ವಾ," ಎಂದರು ರಾಜಮ್ಮ, ಮಂದಾಕಿನಿಬೆನ್ ಕೊಟ್ಟ ವಡೆಯನ್ನು ಮುರಿಯುತ್ತ. "ಆ ವಾಮನನಿಗೆ ಮೂರು ಹೆಜ್ಜೆ ಜಾಗ ಬೇಕಾಯ್ತು. ನಮ್ಮವನಿಗೆ ಒಂದು ಸಾಕು."